ವಿಳಾಸಪಟ್ಟಿ ಕಿರಿದಾದರೆ ಬರಹ ಹಿರಿದಾಗಬೇಕು

ಸಾಲಿಡೈಮ್ ಕಂಪನಿ 2023ರ ಜುಲೈನಲ್ಲಿ 61.44 ಟೆರಾಬೈಟ್ ಸಾಮರ್ಥ್ಯದ ಎಸ್‌ಎಸ್‌ಡಿಯನ್ನು ಪ್ರಕಟಿಸಿದಾಗ ಸುದ್ದಿಯಾದದ್ದು ಅದರ ಗಾತ್ರ. ಅದಕ್ಕಿಂತ ಮುಖ್ಯವಾದ ಸಂಗತಿ ಡ್ರೈವ್‌ನ ಒಳಗಿತ್ತು. ರೂಢಿಯಂತೆ 4 ಕಿಲೋಬೈಟ್‌ಗೊಂದು ವಿಳಾಸ ಬರೆದಿಡುವ ಪದ್ಧತಿಯನ್ನು ಬಿಟ್ಟು, ಅದು 16 ಕಿಲೋಬೈಟ್‌ಗೊಂದು ವಿಳಾಸ ಇಡುತ್ತದೆ. ಡೇಟಾ ಸೆಂಟರ್‌ಗಳ ಖರ್ಚು, ಡ್ರೈವ್‌ಗಳ ಆಯುಷ್ಯ, ತಂತ್ರಾಂಶ ಬರೆಯುವವರ ಹೊಣೆ ಮೂರನ್ನೂ ಈ ಬದಲಾವಣೆ ಮುಟ್ಟುತ್ತದೆ. ಇಷ್ಟು ಕಾಲ ಡ್ರೈವ್ ತನ್ನೊಳಗೇ ಮುಚ್ಚಿಟ್ಟುಕೊಂಡಿದ್ದ ಈ ಲೆಕ್ಕ ಇನ್ನು ಮುಂದೆ ಹೊರಗಿನವರಿಗೂ ತಿಳಿದಿರಲೇಬೇಕು ಎಂಬುದು ನನ್ನ ವಾದ.

ವಿಳಾಸಪಟ್ಟಿ ಬೇಕಾಗುವುದೇ ಫ್ಲ್ಯಾಶ್‌ನ ಸ್ವಭಾವದಿಂದ. ತೋಷಿಬಾದ ಫುಜಿಯೊ ಮಸುಓಕಾ ಅವರ ತಂಡ 1987ರಲ್ಲಿ ಲೋಕದ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್‌ನಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಬ್ಲಾಕ್‌ನಲ್ಲಿ. ಸ್ಲೇಟಿನ ಮೇಲೆ ಸಾಲು ಸಾಲಾಗಿ ಬರೆಯಬಹುದು, ಆದರೆ ಒರೆಸುವುದಾದರೆ ಇಡೀ ಸ್ಲೇಟನ್ನೇ ಒರೆಸಬೇಕು ಎಂದಂತೆ. ಹಾಗಾಗಿ ತಿದ್ದಿದ ದತ್ತಾಂಶ ಇದ್ದ ಜಾಗದಲ್ಲೇ ಕೂರಲಾರದು. ಹೊಸ ಪುಟಕ್ಕೆ ಹೋಗುತ್ತದೆ, ಹಳೆಯದು ಕಸವಾಗುತ್ತದೆ. ಯಾವ ದತ್ತಾಂಶ ಈಗ ಎಲ್ಲಿದೆ ಎಂಬ ಪಟ್ಟಿಯನ್ನು ಡ್ರೈವ್‌ನ ನಿಯಂತ್ರಕ ಇಟ್ಟುಕೊಳ್ಳಬೇಕು. ಬ್ಲಾಕ್‌ನಲ್ಲಿ ಕಸ ಹೆಚ್ಚಾದಾಗ ಉಳಿದ ಜೀವಂತ ಪುಟಗಳನ್ನು ಬೇರೆಡೆ ನಕಲು ಮಾಡಿ ಬ್ಲಾಕನ್ನು ಅಳಿಸಬೇಕು. ಬಳಕೆದಾರ ಕೇಳದಿದ್ದರೂ ನಡೆಯುವ ಈ ಹೆಚ್ಚುವರಿ ಬರವಣಿಗೆಯೇ ರೈಟ್ ಆಂಪ್ಲಿಫಿಕೇಶನ್.

ಪಟ್ಟಿಯ ಗಣಿತ ನೋಡಿ. 61.44 ಟೆರಾಬೈಟನ್ನು 4 ಕಿಲೋಬೈಟ್‌ನಂತೆ ಹಂಚಿದರೆ 1500 ಕೋಟಿ ನಮೂದುಗಳಾಗುತ್ತವೆ. ಒಂದು ನಮೂದಿಗೆ 4 ಬೈಟ್ ಎಂಬುದು ಹಳೆಯ ಲೆಕ್ಕ. ಪಟ್ಟಿ ಇಡಲು ಟೆರಾಬೈಟ್‌ಗೆ ಸುಮಾರು 1 ಗಿಗಾಬೈಟ್ ಡಿರ‍್ಯಾಮ್ ಎಂಬ ವಾಡಿಕೆ ಬಂದದ್ದು ಅದರಿಂದಲೇ. ಆದರೆ 4 ಬೈಟ್‌ನಲ್ಲಿ ಎಣಿಸಬಹುದಾದ ವಿಳಾಸಗಳು ಸುಮಾರು 429 ಕೋಟಿ ಮಾತ್ರ. 1500 ಕೋಟಿಗೆ ಅದು ಸಾಲದು. ನಮೂದನ್ನು 5 ಬೈಟ್‌ಗೆ ಏರಿಸಿದರೆ ಪಟ್ಟಿಗೇ 75 ಗಿಗಾಬೈಟ್ ಬೇಕು. 16 ಕಿಲೋಬೈಟ್‌ನಂತೆ ಹಂಚಿದರೆ ನಮೂದುಗಳು 375 ಕೋಟಿಗೆ ಇಳಿದು, 4 ಬೈಟ್‌ನ ಮಿತಿಯೊಳಗೇ ಬಂದು, 15 ಗಿಗಾಬೈಟ್‌ನಲ್ಲಿ ಮುಗಿಯುತ್ತದೆ.

ಈ ಉಳಿತಾಯಕ್ಕೆ ಬೆಲೆ ತೆರುವುದು ಸಣ್ಣ ಬರಹಗಳು. 4 ಕಿಲೋಬೈಟ್ ಬದಲಿಸಬೇಕಾದರೂ ಡ್ರೈವ್ 16 ಕಿಲೋಬೈಟನ್ನು ಓದಿ, ತಿದ್ದಿ, ಅಷ್ಟನ್ನೂ ಹೊಸದಾಗಿ ಬರೆಯಬೇಕು: ಕೆಲಸ ನಾಲ್ಕು ಪಟ್ಟು. ಕಸ ವಿಲೇವಾರಿ ಅದನ್ನು ಇನ್ನೂ ಎರಡು ಪಟ್ಟು ಹಿಗ್ಗಿಸಿತು ಎಂದುಕೊಂಡರೆ ಎರಡೂ ಗುಣಿಸಿ ಎಂಟಾಗುತ್ತದೆ. ಕೋಶಕ್ಕೊಂದೇ ಬಿಟ್ ಇಡುತ್ತಿದ್ದ ಫ್ಲ್ಯಾಶ್ ಲಕ್ಷ ಸಲದವರೆಗೂ ಅಳಿಸಿ ಬರೆಯುವುದನ್ನು ತಾಳುತ್ತಿತ್ತು. ನಾಲ್ಕು ಬಿಟ್‌ಗಳಿಗಾಗಿ ಒಂದೇ ಕೋಶದಲ್ಲಿ 16 ವೋಲ್ಟೇಜ್ ಮಟ್ಟಗಳನ್ನು ಗುರುತಿಸಬೇಕಾದ, ಇಂಥ ಡ್ರೈವ್‌ಗಳಲ್ಲಿರುವ ಕ್ಯೂಎಲ್‌ಸಿ ಫ್ಲ್ಯಾಶ್‌ನ ಬಾಳಿಕೆ ಕೆಲವು ಸಾವಿರ ಸಲಕ್ಕೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಅಂಥಲ್ಲಿ ಎಂಟು ಪಟ್ಟು ಎಂದರೆ ಆಯುಷ್ಯವೇ ಎಂಟನೇ ಒಂದು ಭಾಗ. ಇಂಟೆಲ್ 2021ರ ಡಿ5-ಪಿ5316ರಲ್ಲಿ ಒಂದು ವಿಳಾಸಕ್ಕೆ 64 ಕಿಲೋಬೈಟ್‌ನಷ್ಟು ದೊಡ್ಡ ತುಣುಕನ್ನು ಬಳಸಿತ್ತು. ಅದರ ವ್ಯವಹಾರವನ್ನು ಮುಂದುವರಿಸಿದ ಸಾಲಿಡೈಮ್ 16ಕ್ಕೆ ಇಳಿಯಿತು. ತುಣುಕು ದೊಡ್ಡದಾದಷ್ಟೂ ಒಳ್ಳೆಯದು ಎನ್ನಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ಹೆಚ್ಚು ಡಿರ‍್ಯಾಮ್ ಹಾಕಿದರಾಯಿತಲ್ಲ ಎಂದು ಕೇಳಬಹುದು. ಹಾಕಬಹುದು. ಆದರೆ ಟೆರಾಬೈಟ್‌ನ ಬೆಲೆ ತಗ್ಗಿಸಲೆಂದೇ ಹುಟ್ಟಿದ ಕ್ಯೂಎಲ್‌ಸಿಗೆ ದುಬಾರಿ ಮೆಮೊರಿಯನ್ನು ಪೇರಿಸಿದರೆ ಅದು ಹುಟ್ಟಿದ ಉದ್ದೇಶವೇ ಕೆಡುತ್ತದೆ. ವಿದ್ಯುತ್ತು ಮತ್ತು ಜಾಗದ ಖರ್ಚು ಬೇರೆ. ಪಟ್ಟಿಯನ್ನು ಫ್ಲ್ಯಾಶ್‌ನಲ್ಲೇ ಇಟ್ಟು ಬೇಕಾದ ಭಾಗವನ್ನಷ್ಟೇ ಮೆಮೊರಿಗೆ ತರುವ ದಾರಿಯೂ ಇದೆ. 2009ರಲ್ಲಿ ಪ್ರಕಟವಾದ ಡಿಎಫ್‌ಟಿಎಲ್ ಎಂಬ ವಿಧಾನ ಅದನ್ನು ಸಮರ್ಥವಾಗಿ ತೋರಿಸಿತು. ಒಂದೇ ಪ್ರದೇಶದ ದತ್ತಾಂಶವನ್ನು ಮತ್ತೆ ಮತ್ತೆ ಮುಟ್ಟುವ ಕೆಲಸಕ್ಕೆ ಅದು ಹೊಂದುತ್ತದೆ. ಹತ್ತಾರು ಟೆರಾಬೈಟ್ ಉದ್ದಗಲಕ್ಕೂ ಹರಡಿದ ಓದಿಗೆ ಮಾತ್ರ ಮೊದಲು ವಿಳಾಸವನ್ನು, ಆಮೇಲೆ ದತ್ತಾಂಶವನ್ನು ಎಂದು ಎರಡು ಸಲ ಫ್ಲ್ಯಾಶ್ ಓದಬೇಕಾಗುತ್ತದೆ. ಬದಲಾದ ಪಟ್ಟಿಯನ್ನೂ ಫ್ಲ್ಯಾಶ್‌ಗೇ ಬರೆಯಬೇಕಾದ್ದರಿಂದ ಸವೆತ ಇನ್ನಷ್ಟು ಹೆಚ್ಚುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಡ್ರೈವ್‌ನ ಒಳಗುಟ್ಟು ತಂತ್ರಾಂಶಕ್ಕೆ ಏಕೆ ಬೇಕು? ಯಾವ ಡ್ರೈವ್ ಹಾಕಿದರೂ ನಡೆಯುವುದೇ ಈ ವ್ಯವಸ್ಥೆಯ ಬಲವಲ್ಲವೇ? ಆ ಬಲ ನಿಜ, ಉಳಿಯಬೇಕಾದದ್ದೂ ಹೌದು. 2020ರಲ್ಲಿ ಡ್ರೈವ್‌ಗಳ ಸಂಪರ್ಕ ಮಾನಕವಾದ ಎನ್‌ವಿಎಂಇ ಒಪ್ಪಿದ ಝಡ್‌ಎನ್‌ಎಸ್ ಪದ್ಧತಿ, ಪ್ರತಿ ವಲಯದಲ್ಲೂ ಅನುಕ್ರಮವಾಗಿಯೇ ಬರೆಯಬೇಕೆಂದು ವಿಧಿಸಿ ಪಟ್ಟಿಯನ್ನು ಬಹಳ ಕಿರಿದಾಗಿಸುತ್ತದೆ. ಆದರೆ ಅದಕ್ಕಾಗಿ ತಂತ್ರಾಂಶವನ್ನೇ ತಿದ್ದಬೇಕು. ನಾನು ಕೇಳುತ್ತಿರುವುದು ಅಷ್ಟು ದೊಡ್ಡ ತ್ಯಾಗವನ್ನಲ್ಲ. ತುಣುಕು ದೊಡ್ಡದಾದ ಡ್ರೈವ್ ಹಳೆಯ ತಂತ್ರಾಂಶವನ್ನೂ ನಡೆಸುತ್ತದೆ, ಅರಿತು ಬರೆಯುವವರಿಗೆ ಹೆಚ್ಚು ಬಾಳಿಕೆ ಕೊಡುತ್ತದೆ. ಇನ್ನೋಡಿಬಿ ಡೇಟಾಬೇಸ್ ಎಂಜಿನ್‌ನ ಪುಟದ ಡೀಫಾಲ್ಟ್ ಗಾತ್ರ ಮೊದಲಿನಿಂದಲೂ 16 ಕಿಲೋಬೈಟ್. ತುಣುಕಿನ ಗಡಿಗೆ ಸರಿಯಾಗಿ ಕೂತರೆ ಅದಕ್ಕೆ ನಷ್ಟವೇ ಇಲ್ಲ, ಗಡಿ ತಪ್ಪಿದರೆ ಎರಡು ತುಣುಕುಗಳನ್ನು ತಿದ್ದಬೇಕು. ಲಿನಕ್ಸ್ 6.12ರಲ್ಲಿ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಗೆ ಮೆಮೊರಿ ಪುಟಕ್ಕಿಂತ ದೊಡ್ಡ ಬ್ಲಾಕ್ ಇಟ್ಟುಕೊಳ್ಳುವ ಅವಕಾಶ ಬಂದಿದೆ. ಗೂಗಲ್ ಮತ್ತು ಮೆಟಾ ಬೆಂಬಲಿಸಿದ ಎಫ್‌ಡಿಪಿ ಎಂಬ ಏರ್ಪಾಡು, ಒಟ್ಟಿಗೆ ಸಾಯುವ ದತ್ತಾಂಶವನ್ನು ಒಟ್ಟಿಗೇ ಇಡಲು ಡ್ರೈವ್‌ಗೆ ಸುಳಿವು ಕೊಡುತ್ತದೆ. ಆಗ ಕಸ ವಿಲೇವಾರಿಯ ನಕಲೂ ತಗ್ಗುತ್ತದೆ.

ತನಗೆ ಒಪ್ಪುವ ಬರಹದ ಗಾತ್ರವನ್ನು ಆಪರೇಟಿಂಗ್ ಸಿಸ್ಟಂಗೆ ಹೇಳುವ ಏರ್ಪಾಡು ಎನ್‌ವಿಎಂಇ 1.4ರಿಂದಲೇ ಇದೆ. ತಯಾರಕರು ಅದನ್ನು ಪ್ರಾಮಾಣಿಕವಾಗಿ ತುಂಬಬೇಕು. ಬಾಳಿಕೆಯ ಭರವಸೆ ಕೊಡುವಾಗ ಯಾವ ಗಾತ್ರದ ಬರಹಕ್ಕೆ ಎಂಬುದನ್ನು ದೊಡ್ಡಕ್ಷರದಲ್ಲೇ ಮುದ್ರಿಸಬೇಕು. ಕೊಳ್ಳುವವರು ಟೆರಾಬೈಟ್‌ನ ಬೆಲೆಯ ಜೊತೆಗೆ ತಮ್ಮ ಕೆಲಸದ ಬರಹಗಳ ಗಾತ್ರವನ್ನೂ ಅಳೆದು ನೋಡಬೇಕು. ಓದೇ ಹೆಚ್ಚಿರುವ ವಿಡಿಯೊ ಸಂಗ್ರಹಕ್ಕೆ ಸರಿಹೊಂದುವ ಡ್ರೈವ್, ಚಿಲ್ಲರೆ ಬರಹಗಳ ಡೇಟಾಬೇಸ್‌ನಲ್ಲಿ ಅಕಾಲದಲ್ಲಿ ಸವೆಯಬಹುದು. ಅಳೆಯದೆ ಕೊಂಡ ಅಗ್ಗದ ಟೆರಾಬೈಟ್ ಕೊನೆಗೆ ದುಬಾರಿಯೇ.