ಕಂಬ, ಬೋದಿಗೆ, ತೊಲೆ: ವೆಲ್ಲೆಸ್ಲಿ ಸೇತುವೆಯ ರಚನೆ

ಕೊಡೇಕಲ್ ಸೀಮೆಯವರಿಗೆ ಗುಡಿಯ ಕಲ್ಲುಮಂಟಪ ಹೊಸತಲ್ಲ. ಅದೇ ಕಟ್ಟಡಕ್ರಮವನ್ನು ನದಿಯ ಮೇಲೆ ಕಾಣಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಅಲ್ಲಿ ಕಾವೇರಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿದೆ. ಶಿಲ್ಪ ಮಾತ್ರ ಈ ನಾಡಿನದು.

ಇದರಲ್ಲಿ ಕಮಾನುಗಳಿಲ್ಲ. ನದಿಯ ತಳಬಂಡೆಯಲ್ಲಿ ಕಲ್ಲುಗಂಬಗಳನ್ನು ನಾಟಿ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು ಇರಿಸಲಾಗಿದೆ. ಕಲ್ಲು ಮೇಲಿನ ಭಾರವನ್ನು ಹೊರುತ್ತದೆ, ಬಾಗುವುದನ್ನು ಸಹಿಸದು. ತೊಲೆ ಉದ್ದವಾದಷ್ಟೂ ನಡುವೆ ಸೀಳುವ ಭಯ. ಎರಡೂ ಕಡೆಯಿಂದ ಚಾಚಿದ ಬೋದಿಗೆಗಳು ಆ ಅಂತರವನ್ನು ತಗ್ಗಿಸುತ್ತವೆ. ಆದರೂ ಕಂಬಗಳು ಒತ್ತೊತ್ತಾಗಿ ನಿಲ್ಲಲೇಬೇಕು. ಪ್ರವಾಹ ತರುವ ಮರದ ದಿಮ್ಮಿಗಳು ಅಲ್ಲಿ ಸಿಕ್ಕಿಕೊಳ್ಳುವುದೇ ಈ ಕ್ರಮದ ದೌರ್ಬಲ್ಯ. ಎರಡು ಶತಮಾನಗಳ ನೆರೆಗಳ ಬಳಿಕವೂ ಸೇತುವೆ ನಿಂತಿದೆ. ಅದರ ರಕ್ಷಣೆಗೆ ತೊಡಗುವವರು ಮೊದಲು ತೆಗೆಯಬೇಕಾದುದು ಆ ದಿಮ್ಮಿಗಳನ್ನು, ಸಂದುಗಳಲ್ಲಿ ಬೇರೂರುವ ಗಿಡಗಳನ್ನು.