ಚೈತ್ರದ ಚಪ್ಪರದಡಿಯ ಆತಿಥ್ಯ

ಚೈತ್ರ ಕಾಲಿಟ್ಟು ಹೊಂಗೆಯ ಮರಗಳು ಎಳೆಯ ಹಸುರನ್ನು ತಳೆಯುವ ಹೊತ್ತಿಗೆ ಹಳೆಯ ಮೈಸೂರು ಸೀಮೆಯ ಪೇಟೆಬೀದಿಗಳಲ್ಲಿ ತೆಂಗಿನ ಗರಿಯ ಚಪ್ಪರಗಳೇಳುತ್ತವೆ. ಅವುಗಳಡಿಯಲ್ಲಿ ನಿಂತು, ಗುರುತು ಪರಿಚಯಗಳನ್ನು ವಿಚಾರಿಸದೆ, ಆಮಂತ್ರಣದ ಗೊಡವೆಯಿಲ್ಲದೆ, ದಾರಿಹೋಕರನ್ನೆಲ್ಲ ಕರೆದು ಕೊಡುವ ಪದಾರ್ಥಗಳು ಮೂರೇ ಮೂರು: ಬೆಲ್ಲದ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ. ರಾಮನವಮಿಯ ಪ್ರಸಾದವೆಂದು ಇವನ್ನು ಸ್ವೀಕರಿಸಿ, ಕೈತೊಳೆದು, ನಾವು ನಮ್ಮ ದಾರಿ ಹಿಡಿಯುತ್ತೇವೆ. ಆದರೆ ಬಿಸಿಲಿನಲ್ಲಿ, ಬಯಲಿನಲ್ಲಿ, ಎಷ್ಟು ಮಂದಿ ಬರುವರೆಂದು ತಿಳಿಯದ ಅತಿಥಿಸಮೂಹವನ್ನು ಉಪಚರಿಸುವ ಕ್ರಮವೊಂದು ಈ ಮೂರರಲ್ಲಿ ಇಷ್ಟು ಅಚ್ಚುಕಟ್ಟಾಗಿ ನೆಲೆಗೊಂಡುದು ಹೇಗೆಂದು ವಿಚಾರಿಸತೊಡಗಿದರೆ, ಅರಮನೆಯ ಭೋಗವೂ ಹೆದ್ದಾರಿಯ ಧರ್ಮವೂ ಪರಸ್ಪರ ಪರಿಚಯವಿಲ್ಲದ ಎರಡು ತೊರೆಗಳಂತೆ ಹರಿದುಬಂದು ಈ ಚಪ್ಪರದಡಿಯಲ್ಲಿ ಸೇರಿದುವೆಂದು ನನಗೆ ತೋರುತ್ತದೆ.

ಅರಮನೆಯ ಕಡೆಯ ವೃತ್ತಾಂತಕ್ಕೆ ಬರಹದ ಆಧಾರ ಹೇರಳವಾಗಿದೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಉಪಾಯಗಳು, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿ, ಸೂಪಶಾಸ್ತ್ರ ಇವೆಲ್ಲವೂ ಒಂದೇ ಹೊದಿಕೆಯೊಳಗೆ ಬಂದಿವೆ, ಬಾವಿ ತೋಡುವುದೂ ಅಡುಗೆ ಮಾಡುವುದೂ ಬೇರೆ ಬೇರೆ ವಿದ್ಯೆಗಳೆಂದು ಆ ಪುಣ್ಯಾತ್ಮನು ಭಾವಿಸಿದಂತಿಲ್ಲ. ಅಲ್ಲಿಂದ ಸುಮಾರು ನೂರು ವರ್ಷಗಳ ತರುವಾಯ, ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನಾದವನು ಅನುಭವಿಸತಕ್ಕ ಉಪಭೋಗಗಳನ್ನು ವಿವರಿಸುವಾಗ ಅನ್ನಭೋಗಕ್ಕೆ ಒಂದು ಪ್ರಕರಣವನ್ನು ಕೊಟ್ಟು, ಅಷ್ಟಕ್ಕೆ ತೃಪ್ತಿಪಡದೆ, ಪಾನೀಯಭೋಗಕ್ಕೆಂದೇ ಮತ್ತೊಂದು ಪ್ರಕರಣವನ್ನು ಮೀಸಲಿಡುತ್ತದೆ. ಯಾವ ಮೂಲದ ನೀರು ಯಾವ ಋತುವಿಗೆ ಹಿತ, ಅದನ್ನು ಶೋಧಿಸುವುದು ಹೇಗೆ, ಪರಿಮಳಗೊಳಿಸುವುದು ಹೇಗೆ ಎಂಬ ವಿಚಾರಗಳನ್ನು ಒಬ್ಬ ಚಕ್ರವರ್ತಿಯು ಕುಳಿತು ಬರೆದನೆಂಬುದೇ ನಮ್ಮ ನಾಡಿನ ಬೇಸಗೆಯ ಪ್ರತಾಪಕ್ಕೆ ಸಾಕ್ಷಿ. ಹದಿನಾರನೆಯ ಶತಮಾನದ ಆದಿಭಾಗದ ಹೊತ್ತಿಗೆ ಈ ವಿದ್ಯೆ ಕನ್ನಡ ಪದ್ಯಕ್ಕೂ ಇಳಿಯಿತು. ಜೈನಕವಿಯಾದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಹೆಣೆದು, ಬದನೆಕಾಯಿಗೆ ಒಂದು ಅಧ್ಯಾಯವನ್ನು ಕೊಟ್ಟಂತೆಯೇ ಪಾನಕಗಳಿಗೂ ಒಂದನ್ನು ಕೊಟ್ಟಿದ್ದಾನೆ.

ಹೆದ್ದಾರಿಯ ಕಡೆಯ ಕಥೆ ಗ್ರಂಥಗಳಿಗಿಂತ ಹೆಚ್ಚಾಗಿ ಕಲ್ಲುಗಳ ಮೇಲಿದೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಸತ್ರ ನಡೆಸುವುದು ಇವುಗಳ ಸಾಲಿನಲ್ಲಿಯೇ ಅರವಟ್ಟಿಗೆಯನ್ನಿಡುವುದೂ ಪುಣ್ಯಕಾರ್ಯವೆಂದು ಗಣಿತವಾಗಿದ್ದು, ಅದು ನಿಲ್ಲದೆ ನಡೆಯಲೆಂದು ಭೂಮಿಯನ್ನು ಬಿಟ್ಟುಕೊಟ್ಟ ದತ್ತಿಗಳನ್ನು ಕನ್ನಡ ಶಾಸನಗಳಲ್ಲಿ ಕಾಣುತ್ತೇವೆ. ಮರದ ನೆರಳಿನಲ್ಲೋ ಗರಿಯ ಚಪ್ಪರದಲ್ಲೋ ಮರಳಿನ ಮೇಲೆ ಕೂರಿಸಿದ ಮಣ್ಣಿನ ಗುಡಾಣಗಳು, ಅವುಗಳಿಗೆ ಸುತ್ತಿದ ಒದ್ದೆಬಟ್ಟೆ, ನೀರಿಗೆ ಹಾಕಿದ ಒಂದು ಹಿಡಿ ಲಾವಂಚದ ಬೇರು: ಇಷ್ಟೇ ಅದರ ಪರಿಕರ. ಗುಡಾಣದ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಗಾಳಿಗೆ ಆವಿಯಾಗುತ್ತ ಒಳಗಿನ ಶಾಖವನ್ನು ಹೊತ್ತೊಯ್ಯುವುದರಿಂದ, ಗಾಳಿ ಒಣಗಿದಷ್ಟೂ ನೀರು ತಣ್ಣಗಾಗುತ್ತದೆ. ಬಯಲುಸೀಮೆಯ ಬಿಸಿಲೇ ಬಯಲುಸೀಮೆಯ ನೀರನ್ನು ತಂಪುಮಾಡುವ ಈ ನ್ಯಾಯವು ಕರಾವಳಿಯ ಬೆವರಿನ ಹವೆಯಲ್ಲಿ ಅಷ್ಟಾಗಿ ಸಲ್ಲದು.

ಈ ಧರ್ಮವನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಲಾಗದು. ಎತ್ತರದಿಂದ ಬೊಗಸೆಗೆ ನೀರೆರೆಯುವ ಪದ್ಧತಿಯಲ್ಲಿ ಶುಚಿತ್ವದ ವಿವೇಕವೆಷ್ಟಿತ್ತೋ ಜಾತಿಯ ಅಳುಕೂ ಅಷ್ಟೇ ಇತ್ತು. ಸಾರ್ವಜನಿಕವಾದ ಕೆರೆಯಿಂದ ಬೊಗಸೆ ನೀರು ಕುಡಿಯುವ ಹಕ್ಕಿಗಾಗಿ 1927ರ ಮಾರ್ಚ್ ತಿಂಗಳಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತೆಂಬುದನ್ನು ನೆನೆದರೆ, ಎಲ್ಲರಿಗೂ ನೀರು ಎಂಬ ಮಾತಿನ ‘ಎಲ್ಲರೂ’ ಯಾರೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಲೆಯೇರದ ಪದಾರ್ಥಗಳೇ ಚಪ್ಪರದಲ್ಲಿ ನೆಲೆಯೂರಿದುದಕ್ಕೂ ಇಂಥದೇ ಒಂದು ಕಾರಣವಿದ್ದೀತೆಂಬುದು ನನ್ನ ಊಹೆ. ಬೆಂದ ಅನ್ನಕ್ಕಿದ್ದ ಪಂಕ್ತಿಭೇದದ ಬಿಗಿ ನೆನೆದ ಬೇಳೆಗೆ ಇರಲಿಲ್ಲ; ಒಬ್ಬರ ಮನೆಯ ಊಟವನ್ನು ಒಲ್ಲದವರು ಅವರ ಚಪ್ಪರದ ಕೋಸಂಬರಿಗೆ ಕೈಯೊಡ್ಡುವುದು ಸಾಧ್ಯವಿತ್ತು. ಉರಿಬಿಸಿಲಿನಲ್ಲಿ ಬೀದಿಯ ನಡುವೆ ಒಲೆ ಹೂಡುವ ಕಷ್ಟ ತಪ್ಪಿದುದು ಇದರ ಮೇಲಣ ಲಾಭ.

ಒಲೆಯಿಲ್ಲವೆಂದ ಮಾತ್ರಕ್ಕೆ ಹದವಿಲ್ಲವೆಂದಲ್ಲ. ಪಾನಕದ ಬೆಲ್ಲವನ್ನು ಕುಟ್ಟಿ ತಣ್ಣೀರಿನಲ್ಲಿ ನೆನೆಯಿಡಬೇಕು. ಕುದಿಸಿದರೆ ಅದು ಪಾಕದ ಕಡೆಗೆ ತಿರುಗಿ, ನೀರಿನ ಲಘುತ್ವವನ್ನು ಕಳೆದುಕೊಳ್ಳುತ್ತದೆ. ಒಂದು ಅಳತೆ ಬೆಲ್ಲಕ್ಕೆ ನಾಲ್ಕು ಅಳತೆ ನೀರು ಸಾಮಾನ್ಯ ಲೆಕ್ಕ, ಬಿಸಿಲೇರಿದ ದಿನ ಐದು. ಕರಗಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿದಾಗ ಬಟ್ಟೆಯ ಮೇಲೆ ಉಳಿಯುವ ಕಬ್ಬಿನ ಸಿಗುರು, ಮರಳಿನ ಕಣ, ಒಮ್ಮೊಮ್ಮೆ ಸತ್ತ ಇರುವೆ, ಇವುಗಳನ್ನು ಕಂಡವರು ಸೋಸದ ಪಾನಕವನ್ನು ಮತ್ತೆ ಮುಟ್ಟಲಾರರು. ಬಳಿಕ ಕಾಳುಮೆಣಸು, ಒಣಶುಂಠಿ, ಏಲಕ್ಕಿ. ಪಚ್ಚಕರ್ಪೂರ ಹಾಕುವುದಾದರೆ ಸಾಸಿವೆಯ ಕಾಳಿನಷ್ಟು ಸಾಕು, ಹೆಚ್ಚಾದರೆ ಪಾನಕದಿಂದ ಮಂಗಳಾರತಿಯ ತಟ್ಟೆಯ ವಾಸನೆ ಹೊರಡುತ್ತದೆ. ಕೋಸಂಬರಿಯ ಗುಟ್ಟೆಲ್ಲ ಉಪ್ಪಿನಲ್ಲಿದೆ. ನೆನೆದ ಬೇಳೆಯ ನೀರನ್ನು ಬಸಿದು, ಸೌತೆಕಾಯಿ, ಮಾವಿನಕಾಯಿ, ತೆಂಗಿನ ತುರಿ ಬೆರೆಸಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು, ಉಪ್ಪನ್ನು ಮಾತ್ರ ಬಡಿಸುವ ಗಳಿಗೆಯವರೆಗೆ ತಡೆಹಿಡಿಯಬೇಕು. ಮೊದಲೇ ಬೆರೆಸಿದರೆ ಸೌತೆಕಾಯಿ ನೀರೊಡೆದು, ಮುತ್ತುಗದ ದೊನ್ನೆಯ ತಳದಿಂದ ಅತಿಥಿಯ ಪಂಚೆಗೆ ಇಳಿಯುತ್ತದೆ.

ಬೀದಿಯ ಈ ಆತಿಥ್ಯಕ್ಕೆ ನಗರದಲ್ಲಿ ಹೊಸ ವೈಭವ ಬಂದುದು ಸಂಗೀತದಿಂದ. 1930ರ ದಶಕದ ಕೊನೆಯ ಭಾಗದಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಉತ್ಸವವು ಬೆಳೆದು, ಫೋರ್ಟ್ ಹೈಸ್ಕೂಲಿನ ಮೈದಾನದ ದೊಡ್ಡ ಚಪ್ಪರದಲ್ಲಿ ತಿಂಗಳುಗಟ್ಟಲೆ ನಡೆಯುವ ಕಚೇರಿಗಳ ಪರಂಪರೆಯಾಯಿತು. ಅದೇ ಕಾಲದಲ್ಲಿ ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದು, ಕಬ್ಬಿನ ಗದ್ದೆಗಳೂ ಆಲೆಮನೆಗಳೂ ಹಬ್ಬಿದುವು. ಹಂಡೆಗಟ್ಟಲೆ ಪಾನಕ ಕಲಸುವ ನಗರದ ಧಾರಾಳತನಕ್ಕೆ ಹಿಂದೆ ನಿಂತುದು ಮಂಡ್ಯದ ಅಚ್ಚುಬೆಲ್ಲವೆಂದರೆ ತಪ್ಪಾಗಲಾರದು. ರಾಮನವಮಿ ಕಳೆದ ಕೆಲವೇ ದಿನಗಳಲ್ಲಿ ಬರುವ ಚೈತ್ರ ಪೂರ್ಣಿಮೆಯ ರಾತ್ರಿ, ಧರ್ಮರಾಯಸ್ವಾಮಿ ದೇವಾಲಯದಿಂದ ಕರಗ ಹೊರಡುವಾಗ ತಿಗಳರಪೇಟೆಯ ಸುತ್ತಿನ ಬೀದಿಗಳಲ್ಲಿ ಮತ್ತೆ ಅದೇ ಪಾನಕ, ಅದೇ ಮಜ್ಜಿಗೆ.

ಪ್ರತಿಸ್ಪರ್ಧಿಗಳು ಬರದೆ ಇರಲಿಲ್ಲ. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ಹಡಗು ನಾಲ್ಕು ತಿಂಗಳ ಸಮುದ್ರಯಾನದ ಬಳಿಕವೂ ಅರ್ಧಕ್ಕಿಂತ ಹೆಚ್ಚು ಮಂಜುಗಡ್ಡೆಯನ್ನು ಉಳಿಸಿಕೊಂಡು ಕಲಕತ್ತೆಯನ್ನು ಮುಟ್ಟಿತು. 1872ರಲ್ಲಿ ಹೈರಮ್ ಕಾಡ್ ಎಂಬ ಆಂಗ್ಲೇಯನು ಪೇಟೆಂಟು ಪಡೆದ ಶೀಸೆ ನಮ್ಮ ಜಾತ್ರೆಗಳಿಗೆ ಗೋಲಿಸೋಡಾವಾಗಿ ಇಳಿಯಿತು. ಆದರೆ ಇವೆಲ್ಲ ಕಾಸು ಕೊಟ್ಟು ಕುಡಿಯುವ ಪಾನೀಯಗಳು.

ಈಗ ಚಪ್ಪರ ಮನೆಯ ತಾರಸಿಗೂ ಏರಿದೆ. ಬೆಳದಿಂಗಳ ರಾತ್ರಿ ಹತ್ತು ಹನ್ನೆರಡು ಮಂದಿಯನ್ನು ಕರೆದು ಚಾಪೆ ಹಾಸಿದವರು, ಕುದಿಯುವ ಸಾರು ಹುಳಿಗಳನ್ನು ಮೆಟ್ಟಿಲೇರಿಸುವ ಸಾಹಸಕ್ಕೆ ಕೈಹಾಕದೆ, ಈ ಹಳೆಯ ಪಂಕ್ತಿಯನ್ನೇ ತುಸು ವಿಸ್ತರಿಸಿಕೊಳ್ಳುವುದು ಮೇಲು: ಬೇಲದ ಹಣ್ಣು ಸಿಕ್ಕಿದರೆ ಅದರ ತಿರುಳನ್ನು ಬೆಲ್ಲದೊಡನೆ ಕಿವುಚಿದ ಪಾನಕ, ಉತ್ತರ ಕನ್ನಡದ ಕಡೆಯ ಒಂದು ತಂಬುಳಿ, ಕರಾವಳಿಯವರಿದ್ದರೆ ಪುನರ್ಪುಳಿಯ ಶರಬತ್ತು, ಹೊಟ್ಟೆ ತುಂಬುವುದಕ್ಕೆ ಒಗ್ಗರಣೆಯ ಮೊಸರನ್ನ ಅಥವಾ ಮಾವಿನಕಾಯಿ ಚಿತ್ರಾನ್ನ. ಬೆಲ್ಲವನ್ನು ಬೆಳಿಗ್ಗೆಯೇ ನೆನೆಹಾಕಿ, ಸೋಸಿ, ಮಣ್ಣಿನ ಹೂಜಿಗೆ ತುಂಬಿ ಗಾಳಿಯಾಡುವಲ್ಲಿ ಇಟ್ಟಿರಬಹುದು. ಪಾನಕಕ್ಕೆ ನಿಂಬೆ ಬೆರೆಸುವುದಾದರೆ ಅದರ ರಸವನ್ನು ಮಾತ್ರ ಅತಿಥಿಗಳು ಮೆಟ್ಟಿಲೇರಿದ ಮೇಲೆ ಹಿಂಡತಕ್ಕದ್ದು, ಹೊತ್ತಿಗೆ ಮುಂಚೆ ಹಿಂಡಿಟ್ಟರೆ ಅದು ಕಹಿಗೆ ತಿರುಗುತ್ತದೆ.