ವಿಕಾಸವಾದವೂ ಷಟ್‌ಸ್ಥಲವೂ

2023ರಲ್ಲಿ ಹೊರಬಂದ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಜೀವವಿಕಾಸದ ಭಾಗವನ್ನು ಕೈಬಿಡಲಾಗಿತ್ತು. 1800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳು, ಅಧ್ಯಾಪಕರು ಮತ್ತಿತರರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಅದನ್ನು ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠವನ್ನು ಉಳಿಸಿದರೆಂಬುದು ನಿಜ. ಆದರೆ ವಾಣಿಜ್ಯಕ್ಕೋ ಕಲಾವಿಭಾಗಕ್ಕೋ ಹೋಗುವ ಮಕ್ಕಳಿಗೆ ಅದು ದೊರೆಯುವ ಬಗೆ ಹೇಗೆ?

ತುಮಕೂರು, ಗುಬ್ಬಿ, ಕುಣಿಗಲ್‌ಗಳ ಸದ್ಭಕ್ತರ ಮನೆಗಳಲ್ಲಿ ಈ ವಿಷಯ ಬಂದಾಗ ನಾವು ಎರಡು ಮಾತುಗಳನ್ನು ಕೇಳುತ್ತೇವೆ. ‘ಮಂಗ ಮನುಷ್ಯನಾದುದನ್ನು ಕಂಡವರಾರು?’ ಎಂಬುದೊಂದು. ಡಾರ್ವಿನ್ನನು ಹೇಳಿದ್ದು ಅದಲ್ಲ. ಇಂದಿನ ಮಂಗನಿಗೂ ಮನುಷ್ಯನಿಗೂ ಬಹು ಹಿಂದೆ ಒಂದೇ ಪೂರ್ವಜಕುಲವಿತ್ತೆಂಬುದು ಅವನ ಸಿದ್ಧಾಂತ. ‘ನಮ್ಮ ಷಟ್‌ಸ್ಥಲವೇ ವಿಕಾಸವಾದ’ ಎಂಬುದಿನ್ನೊಂದು. ಇದನ್ನೂ ನಾವು ಒಪ್ಪಲಾರೆವು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳು ಬೋಧಿಸಿದ ಷಟ್‌ಸ್ಥಲದಲ್ಲಿ ಭಕ್ತನು ಐಕ್ಯವೆಂಬ ಗುರಿಯತ್ತ ಅರಿತು ನಡೆಯುತ್ತಾನೆ. ನಿಸರ್ಗದ ಆಯ್ಕೆಗೆ ಗುರಿಯೂ ಇಲ್ಲ, ಅರಿವೂ ಇಲ್ಲ. ಅದು ಅಸಂಖ್ಯ ತಲೆಮಾರುಗಳಲ್ಲಿ ನಡೆಯುವ ಕಾರ್ಯ.

ದೇಹವು ಬಂದ ಬಗೆಯನ್ನು ವಿಜ್ಞಾನ ಹೇಳಲಿ; ಬಂದ ದೇಹವನ್ನು ಹೇಗೆ ಸವೆಸಬೇಕೆಂಬುದನ್ನು ಧರ್ಮ ಹೇಳಲಿ. ಇಷ್ಟಲಿಂಗ ಧರಿಸಿದ ಮಕ್ಕಳು ಪಳೆಯುಳಿಕೆಗಳ ಪಾಠವನ್ನೂ ಓದಲಿ. ಪ್ರಶ್ನೆಗೆ ಅಂಜುವ ಭಕ್ತಿ ಗಟ್ಟಿಯಾಗದು.